ಮಣೆಯ ಮೇಲೊಂದು ಯುದ್ಧನೌಕೆ

ಡೊಂಬಿವಲಿಯ ಎರಡು ಕೋಣೆಗಳ ಬಿಡಾರದಲ್ಲಿ ಸಂಸಾರ ಹೂಡಿಕೊಂಡಿರುವ ಸರಕಾರಿ ಗುಮಾಸ್ತನೊಬ್ಬನು ಯುದ್ಧನೌಕೆಯನ್ನು ಕಟ್ಟಲು ಹೊರಟನೆಂದರೆ ನೆರೆಹೊರೆಯವರು ನಗದೆ ಇರುವರೆ? ನಕ್ಕರು. ಕೆಳಗಿನ ಮನೆಯ ಮರಾಠಿ ತಾಯಿಯವರು ನಮ್ಮ ಕಂಕುಳಲ್ಲಿದ್ದ ಮರದ ಪಟ್ಟಿಗಳನ್ನು ನೋಡಿ, ಗಣಪತಿಯ ಮಖರಕ್ಕೆ ಇಷ್ಟು ಬೇಗನೆ ಸಿದ್ಧತೆಯೇ ಎಂದು ಕೇಳಿದರು. ಆಗ ಫಾಲ್ಗುಣ ಮಾಸ. ಹೌದೆಂದು ಹೇಳಿ ಜಾರಿಕೊಂಡೆವು. ಹಡಗೆಂದು ಬಾಯಿಬಿಟ್ಟು ಹೇಳುವ ಧೈರ್ಯ ನಮಗೆ ಬಂದದ್ದು ಆಷಾಢದ ಹೊತ್ತಿಗೆ.

ಹಡಗಿನ ಹೆಸರು ‘ಟ್ರಿಂಕೋಮಲೀ’. ಸಿಂಹಳದ ತಿರುಕೋಣಮಲೆಯ ಬಂದರನ್ನು ಆಂಗ್ಲರು ಕರೆದ ಬಗೆ ಅದು. ೧೭೮೨ರಲ್ಲಿ ಆ ಬಂದರಿನ ಸಮೀಪದಲ್ಲಿ ಆಂಗ್ಲರಿಗೂ ಫ್ರೆಂಚರಿಗೂ ನಡೆದ ಕದನದ ನೆನಪಿಗೆ ಇಟ್ಟ ಹೆಸರು. ಇಂದು ಈ ಹಡಗು ಇಂಗ್ಲೆಂಡಿನ ಈಶಾನ್ಯ ಕರಾವಳಿಯ ಹಾರ್ಟಲ್‌ಪೂಲ್ ಎಂಬ ಊರಿನಲ್ಲಿ ಜನರು ನೋಡುವದಕ್ಕೆಂದು ನಿಂತಿದೆ. ಬ್ರಿಟನ್ನಿನ ಯುದ್ಧನೌಕೆಗಳಲ್ಲಿ ಇನ್ನೂ ನೀರಿನ ಮೇಲೆ ತೇಲುತ್ತಿರುವ ಅತ್ಯಂತ ಹಳೆಯದು ಇದೇ. ನೆಲ್ಸನ್ನನ ‘ವಿಕ್ಟರಿ’ ಇದಕ್ಕಿಂತ ಹಿರಿಯದು ನಿಜ, ಆದರೆ ಅದು ನೀರಿಲ್ಲದ ಡಾಕಿನಲ್ಲಿ ಕುಳಿತಿದೆ.

ಇಂಗ್ಲೆಂಡಿನ ಹಡಗು ಕಟ್ಟಿಕೊಂಡು ನಮಗೇನು ಎಂದು ವಾಚಕರು ಕೇಳಬಹುದು. ಅದು ಹುಟ್ಟಿದ್ದು ಮುಂಬಯಿಯಲ್ಲಿ. ನಮ್ಮ ಕಚೇರಿಯಿಂದ ಹತ್ತು ನಿಮಿಷ ನಡೆದರೆ ಲಾಯನ್ ಗೇಟು; ಅದರ ಆಚೆಗೆ ನೌಕಾದಳದ ಡಾಕ್‌ಯಾರ್ಡು. ಈ ಊರಿನವರು ಡಾಕಿಗೆ ಗೋದಿ ಎನ್ನುತ್ತಾರೆ. ಹೊಸದಾಗಿ ಬಂದ ದಿನಗಳಲ್ಲಿ ‘ಗೋದಿ ಕಾಮಗಾರ’ ಎಂಬ ಮಾತು ಕಿವಿಗೆ ಬಿದ್ದಾಗ ನಾವು ಗೋದಿಯ ಮೂಟೆ ಹೊರುವವರೆಂದೇ ತಿಳಿದಿದ್ದೆವು. ಒಳಗೆ ನಮ್ಮಂಥವರಿಗೆ ಪ್ರವೇಶವಿಲ್ಲ. ಗೋಡೆಯ ಪಕ್ಕದಲ್ಲಿ ನಡೆಯುತ್ತ ಊಟದ ವಿರಾಮವನ್ನು ಕಳೆಯುವದು ಮಾತ್ರ ನಮಗೆ ಸಾಧ್ಯ. ಹಾಗೆ ನಡೆಯುತ್ತಿದ್ದಾಗಲೇ ಈ ಹುಚ್ಚು ಹಿಡಿಯಿತು.

೧೭೩೬ರಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಸೂರತ್ತಿನಿಂದ ಲವಜಿ ನಸರವಾನಜಿ ವಾಡಿಯಾ ಎಂಬ ಪಾರಸಿ ಬಡಗಿಯನ್ನು ಇಲ್ಲಿಗೆ ಕರೆತಂದರು. ೧೭೫೦ರಲ್ಲಿ ಇಲ್ಲಿ ಕಲ್ಲಿನ ಡಾಕು ಎದ್ದಿತು. ಲವಜಿಯ ಮೊಮ್ಮಗ ಜಮಶೇಟಜಿ ಬೊಮನಜಿಯ ಕಾಲಕ್ಕೆ ಬ್ರಿಟಿಷ್ ನೌಕಾದಳವೇ ಮುಂಬಯಿಗೆ ಹಡಗುಗಳನ್ನು ಹೇಳಿ ಕಟ್ಟಿಸತೊಡಗಿತು. ನೆಪೋಲಿಯನ್ನನ ಯುದ್ಧಗಳಿಂದ ಇಂಗ್ಲೆಂಡಿನಲ್ಲಿ ಓಕ್ ಮರ ಮುಗಿಯುತ್ತ ಬಂದಿತ್ತು, ಇಲ್ಲಿ ತೇಗವಿತ್ತು. ಓಕಿನಲ್ಲಿರುವ ಹುಳಿಯ ಅಂಶವು ಕಬ್ಬಿಣದ ಮೊಳೆಯನ್ನು ತಿಂದುಹಾಕುತ್ತದೆ, ತೇಗದ ಎಣ್ಣೆಯಂಶವು ಅದನ್ನು ಕಾಯುತ್ತದೆ. ೧೮೧೩ರಲ್ಲಿ ಇಲ್ಲಿ ನೀರಿಗಿಳಿದ ‘ಕಾರ್ನವಾಲಿಸ್’ ಹಡಗಿನ ಮೇಲೆಯೇ ೧೮೪೨ರಲ್ಲಿ ನಾನಕಿಂಗ್ ಒಪ್ಪಂದಕ್ಕೆ ಸಹಿ ಬಿದ್ದು ಹಾಂಗ್‌ಕಾಂಗ್ ಬ್ರಿಟಿಷರಿಗೆ ಸೇರಿತು.

‘ಟ್ರಿಂಕೋಮಲೀ’ಯ ಕಥೆಯಲ್ಲಿ ಗುಮಾಸ್ತರಾದ ನಮ್ಮ ಮನಸ್ಸಿಗೆ ಮೊದಲು ನಾಟಿದ್ದು ಅದರ ಕಾಗದಪತ್ರಗಳ ಅವಸ್ಥೆ. ನಕ್ಷೆಗಳನ್ನು ಹೊತ್ತು ಮುಂಬಯಿಗೆ ಹೊರಟಿದ್ದ ‘ಜಾವಾ’ ಎಂಬ ಹಡಗನ್ನು ೧೮೧೨ರ ಡಿಸೆಂಬರದಲ್ಲಿ ಬ್ರೆಜಿಲ್ ಕರಾವಳಿಯ ಬಳಿ ಅಮೇರಿಕದ ‘ಕಾನ್‌ಸ್ಟಿಟ್ಯೂಶನ್’ ಸೋಲಿಸಿ ಸುಟ್ಟುಹಾಕಿತು. ನಕ್ಷೆಗಳ ಇನ್ನೊಂದು ಪ್ರತಿ ಲಂಡನ್ನಿನಿಂದ ಮತ್ತೆ ಬರಬೇಕಾಯಿತು. ಕಳೆದುಹೋದ ಕಡತದ ಎರಡನೆಯ ಪ್ರತಿಯನ್ನು ತರಿಸುವ ತಾಪತ್ರಯವನ್ನು ಬಲ್ಲವರೇ ಬಲ್ಲರು. ಕೊನೆಗೆ ೧೮೧೬ರ ಏಪ್ರಿಲ್ ೨೫ರಂದು ಅಡಿಮರವನ್ನು ಇಟ್ಟದ್ದಾಯಿತು. ೧೮೧೭ರ ಅಕ್ಟೋಬರ ೧೨ರಂದು ಹಡಗು ನೀರಿಗಿಳಿಯಿತು. ಅಷ್ಟರಲ್ಲಿ ಯುದ್ಧವೇ ಮುಗಿದು ಹೋಗಿತ್ತು! ಇಂಗ್ಲೆಂಡಿಗೆ ಹೋಗುವ ದಾರಿಯಲ್ಲಿ, ೧೮೧೯ರ ಜನವರಿಯಲ್ಲಿ, ಅದು ಸೇಂಟ್ ಹೆಲೆನಾ ದ್ವೀಪದಲ್ಲಿ ಕೆಲವು ದಿನ ತಂಗಿತು. ಯಾರಿಗೆ ಹೆದರಿ ಆ ಹಡಗನ್ನು ಕಟ್ಟಿಸಿದರೋ ಆ ನೆಪೋಲಿಯನ್ ಅಲ್ಲಿ ಸೆರೆಯಾಳು. ಅವನಿಗೆ ಔಷಧ ನೋಡಿದ ಸ್ಟೋಕೋ ಎಂಬ ವೈದ್ಯನು ಇದೇ ಹಡಗನ್ನು ಹತ್ತಿ ಇಂಗ್ಲೆಂಡಿಗೆ ಹೋದನು. ಏಪ್ರಿಲ್ ಕೊನೆಗೆ ಪೋರ್ಟ್ಸ್‌ಮತ್ ಸೇರಿದ ಮೇಲೆ ಕೆಲಸವಿಲ್ಲದೆ ಸುಮಾರು ಕಾಲು ಶತಮಾನ ಕಟ್ಟಿಹಾಕಿಸಿಕೊಂಡು ನಿಂತಿತು.

ಕೆಲಸವಿಲ್ಲದೆ ನಿಂತ ಮಾತು ಬಂತಲ್ಲ, ನಮ್ಮ ಮನೆಯ ವಿಷಯವನ್ನೂ ಹೇಳಿಬಿಡಬೇಕು.

ನಮ್ಮ ತೀರ್ಥರೂಪರು ಕುಮಟೆಯ ಕಡೆಯ ಬಡಗಿಗಳು. ಪ್ರಾಯದಲ್ಲಿ ತದಡಿಯಲ್ಲಿ ಮಚವೆ ಕಟ್ಟುವವರ ಜೊತೆಗಿದ್ದರು; ಆಮೇಲೆ ಬಾಗಿಲು, ಕಿಟಕಿ, ತೊಟ್ಟಿಲು. ನಮ್ಮ ಮಾತೋಶ್ರೀಯವರು ತೀರಿಕೊಂಡ ಮೇಲೆ ಅವರನ್ನು ಇಲ್ಲಿಗೆ ಕರೆದುಕೊಂಡು ಬಂದೆವು. ಬರುವಾಗ ಹತಾರಗಳ ಚೀಲವನ್ನು ತಂದರು. ಅದು ಮಂಚದ ಕೆಳಗೆ ಹೋಯಿತು, ಎರಡು ವರುಷ ಹೊರಗೆ ಬರಲಿಲ್ಲ. ಬಲಗೈ ನಡುಗುತ್ತದೆ, ಎಡಗಣ್ಣಿಗೆ ಪೊರೆ. ಬೆಳಗಿನಿಂದ ಸಂಜೆಯವರೆಗೆ ಗ್ಯಾಲರಿಯಲ್ಲಿ ಕುಳಿತು ಲೋಕಲ್ ಗಾಡಿಗಳನ್ನು ನೋಡುವರು. ಊಟಕ್ಕೆ ಕರೆದರೆ ಬರುವರು, ಮಲಗೆಂದರೆ ಮಲಗುವರು. ಮಾತು ಕಡಿಮೆ. ಒಮ್ಮೆ ನಮ್ಮಾಕೆಯೊಡನೆ, “ನಾನು ಇಲ್ಲಿ ಸಾಮಾನು ಇಟ್ಟ ಹಾಗೆ ಇದ್ದೇನೆ, ಅಲ್ಲವೇನೇ ಮಗಾ?” ಎಂದರಂತೆ. ಆಕೆ ಅದನ್ನು ನಮಗೆ ಹೇಳಿದ್ದು ಬಹಳ ದಿನಗಳ ಮೇಲೆ.

ಹಡಗು ಕಟ್ಟುವ ಯೋಚನೆ ಅವರಿಗಾಗಿ ಹುಟ್ಟಿತೆಂದು ಬರೆದರೆ ನಮಗೆ ಶೋಭೆ. ನಿಜವಾಗಿ ಹಾಗಿರಲಿಲ್ಲ. ನಮಗಾಗಿ, ನಮ್ಮ ಬಿ.ಎ.ಯ ಚರಿತ್ರೆಯ ಜಂಬಕ್ಕಾಗಿ ಹುಟ್ಟಿತು. ಬಡಗಿಯೊಬ್ಬರು ಮನೆಯಲ್ಲೇ ಇದ್ದಾರೆಂಬದು ಹೊಳೆಯಲೂ ಇಲ್ಲ.

ನಕ್ಷೆ ದೊರೆಯುವದು ಕಷ್ಟವಾಗಲಿಲ್ಲ. ಹಳೆಯ ನೌಕಾದಳದ ನಕ್ಷೆಗಳನ್ನೆಲ್ಲ ಗ್ರೀನಿಚ್ಚಿನ ನಾವಿಕ ವಸ್ತುಸಂಗ್ರಹಾಲಯದಲ್ಲಿ ಜೋಪಾನವಾಗಿ ಇಟ್ಟಿದ್ದಾರೆ. ಹಣ ತೆತ್ತರೆ ಪ್ರತಿ ಸಿಕ್ಕುತ್ತದೆ. ‘ಲೀಡಾ’ ಎಂಬ ಮಾದರಿಯ ಹಡಗು ಇದು. ಆ ಮಾದರಿಯ ಮೈಕಟ್ಟು ಆಂಗ್ಲರದ್ದೂ ಅಲ್ಲ. ೧೭೮೨ರಲ್ಲಿ ಅವರು ಹಿಡಿದ ‘ಹೇಬೆ’ ಎಂಬ ಫ್ರೆಂಚ್ ಹಡಗಿನ ಗೆರೆಗಳನ್ನು ನಕಲು ಮಾಡಿದ್ದು. ಫ್ರೆಂಚರ ಗೆರೆ, ಆಂಗ್ಲರ ಹಣ, ಪಾರಸಿಯ ಕೈ, ಮಲಬಾರಿನ ಮರ, ಸಿಂಹಳದ ಹೆಸರು!

ನಾವು ಹಿಡಿದ ಪ್ರಮಾಣ ೯೬ಕ್ಕೆ ೧. ಎಂದರೆ ನಿಜದ ಒಂದು ಅಡಿಗೆ ನಮ್ಮಲ್ಲಿ ಅಂಗುಲದ ಎಂಟನೆಯ ಒಂದು ಪಾಲು. ಫಿರಂಗಿಗಳ ಅಟ್ಟದ ಉದ್ದ ೧೫೦ ಅಡಿ ೪½ ಅಂಗುಲ. ನಮ್ಮ ಮಣೆಯ ಮೇಲೆ ಅದು ೧೮¾ ಅಂಗುಲಕ್ಕೆ ಕೂದಲೆಳೆ ಹೆಚ್ಚು. ಅಗಲ ನಲವತ್ತು ಅಡಿಗೆ ಒಂದಂಗುಲ ಕಡಿಮೆ, ನಮ್ಮಲ್ಲಿ ಐದಂಗುಲ. ಸುಮಾರು ೩೦೦ ಜನರು ಇರುತ್ತಿದ್ದ ಹಡಗು. ಐದೂವರೆ ಅಡಿಯ ಆಳು ಈ ಲೆಕ್ಕದಲ್ಲಿ ಮುಕ್ಕಾಲು ಅಂಗುಲವೂ ಆಗನು. ನಾಲ್ಕನೆಯ ಇಯತ್ತೆಯಲ್ಲಿರುವ ನಮ್ಮ ಮಗಳು, “ಹಾಗಾದರೆ ಅಪ್ಪಾ, ನೀವು ಎಷ್ಟು?” ಎಂದು ಅಳೆದು, ಪೆನ್ಸಿಲ್ಲಿನ ತುದಿಯ ರಬ್ಬರಿನಷ್ಟೆಂದು ತೀರ್ಪು ಕೊಟ್ಟಳು.

ಕೆಲಸದ ರೀತಿ ಹೇಳಲು ಸುಲಭ. ಮೊದಲು ಅಡಿಮರ ಮತ್ತು ಅದರ ಮೇಲೆ ನಿಂತ ಬೆನ್ನಹಲಗೆ. ಮೀನಿನ ಮುಳ್ಳಿಗೆ ಪಕ್ಕೆಮುಳ್ಳುಗಳಿದ್ದಂತೆ ಅದಕ್ಕೆ ಅಡ್ಡಲಾಗಿ ಅಡ್ಡಹಲಗೆಗಳು. ಒಂದೊಂದೂ ಹಡಗಿನ ಹೊಟ್ಟೆಯ ಆಯಾ ಜಾಗದ ಆಕಾರದ್ದು. ಅವುಗಳ ಮೇಲೆ ಉದ್ದುದ್ದ ಪಟ್ಟಿಗಳನ್ನು ಬಿಸಿನೀರಿನಲ್ಲಿ ನೆನೆಸಿ, ಬಗ್ಗಿಸಿ, ಅಂಟಿಸುತ್ತ ಹೋಗುವದು. ಪುಸ್ತಕವನ್ನು ಓದಿ ನಾವು ಹಾಗೆಯೇ ಮಾಡಿದೆವು. ಭಾನುವಾರಗಳನ್ನೆಲ್ಲ ಸುರಿದೆವು. ಎರಡು ತಿಂಗಳಲ್ಲಿ ಬಲಮಗ್ಗುಲು ಪೂರ್ತಿಯಾಯಿತು. ಬಹಳ ಚೆನ್ನಾಗಿ ಕಂಡಿತು. ಆ ರಾತ್ರಿ ಅದನ್ನು ಊಟದ ಹೊತ್ತಿಗೆ ಎಲ್ಲರ ನಡುವೆ ತಂದಿಟ್ಟೆವು, ಹೊಗಳಲೆಂದು.

ತೀರ್ಥರೂಪರು ಕೈತೊಳೆದುಕೊಂಡು ಬಂದು, ಮೊದಲ ಬಾರಿಗೆ ಅದನ್ನು ಮುಟ್ಟಿದರು. ಒಳ್ಳೆಯ ಕಣ್ಣನ್ನು ಅಡಿಮರದ ಮಟ್ಟಕ್ಕೆ ತಂದು ಮೂತಿಯ ಕಡೆಯಿಂದ ನೋಡಿದರು.

“ಇದು ತಿರುಚಿದೆ, ತಮಾ.”

ನಾವು ಒಪ್ಪಲಿಲ್ಲ. ಅವರು ಅದನ್ನು ನೆಲದ ಮೇಲೆ ಅಂಗಾತ ಇಟ್ಟು ಎರಡೂ ತುದಿಗಳಿಗೆ ನೂಲು ಹಿಡಿದು ತೋರಿಸಿದರು. ನಡುವಿನಲ್ಲಿ ಬೆನ್ನಹಲಗೆ ನೂಲಿನಿಂದ ಅಕ್ಕಿಕಾಳಿನಷ್ಟು ದೂರ ಸರಿದಿತ್ತು. ಒಂದೇ ಮಗ್ಗುಲಿಗೆ ಹಲಗೆ ಹಾಕುತ್ತ ಹೋದರೆ, ಒದ್ದೆಯ ಹಲಗೆ ಒಣಗುವಾಗ ಎಳೆಯುತ್ತದೆ. ಎದುರಿಗೆ ಎಳೆಯುವವರು ಯಾರೂ ಇಲ್ಲದ್ದರಿಂದ ಅಡಿಮರ ಬಾಗುತ್ತದೆ. ಬಲಕ್ಕೆ ಒಂದು, ಎಡಕ್ಕೆ ಒಂದು, ಹೀಗೆ ಜೋಡಿಯಾಗಿ ಏರಬೇಕು. ಪುಸ್ತಕದಲ್ಲಿಯೂ ಅದು ಇತ್ತು; ನಾವು ಆ ಪುಟವನ್ನು ಅವಸರದಲ್ಲಿ ದಾಟಿದ್ದೆವು.

“ಮೊದಲೇ ಯಾಕೆ ಹೇಳಲಿಲ್ಲ?” ಎಂದು ನಾವು ರೇಗಿದೆವು.

“ನೀನು ಕೇಳಲಿಲ್ಲ,” ಎಂದರು. ಸಿಟ್ಟಿನಿಂದಲ್ಲ. ಗ್ಯಾಲರಿಗೆ ಹೊರಟುಹೋದರು.

ಆ ರಾತ್ರಿ ನಿದ್ದೆ ಬರಲಿಲ್ಲ. ಒಂದು ಮಾತನ್ನು ಇಲ್ಲಿ ಒಪ್ಪಿಕೊಳ್ಳುವೆವು. ಧಾರವಾಡದಲ್ಲಿ ಕಾಲೇಜಿಗೆ ಸೇರುವಾಗ ಅರ್ಜಿಯಲ್ಲಿ ತಂದೆಯ ಉದ್ಯೋಗವೆಂಬಲ್ಲಿ ನಾವು ‘ಗುತ್ತಿಗೆದಾರ’ ಎಂದು ಬರೆದಿದ್ದೆವು. ನೌಕರಿಯ ಅರ್ಜಿಯಲ್ಲಿಯೂ ಅದನ್ನೇ ಬರೆದೆವು, ಒಮ್ಮೆ ಬರೆದದ್ದನ್ನು ಬದಲಿಸಬಾರದಲ್ಲ. ಆ ಎರಡೂ ಅರ್ಜಿಗಳನ್ನು ಅಂಚೆಗೆ ಹಾಕಿದವರು ಅವರೇ. ಕನ್ನಡ ಓದಲು ಅವರಿಗೆ ಚೆನ್ನಾಗಿ ಬರುತ್ತದೆ, ಅರ್ಜಿಗಳು ಇಂಗ್ಲಿಷಿನಲ್ಲಿದ್ದವು. ಅವರಿಗೆ ತಿಳಿಯಿತೋ ಇಲ್ಲವೋ ನಾವು ಈವರೆಗೂ ಕೇಳಿಲ್ಲ.

ಮರುದಿನ ರಜೆ ಹಾಕಿ ಅಷ್ಟೂ ಹಲಗೆಗಳನ್ನು ಕಿತ್ತೆವು. ಕಿತ್ತು ಮುಗಿಯುವ ಹೊತ್ತಿಗೆ ಮಂಚದ ಕೆಳಗಿನ ಚೀಲ ಹೊರಗೆ ಬಂದಿತ್ತು. ಅವರು ಬಾಗಿಲ ಬಳಿ ಕುಳಿತು ಸಾಣೆಕಲ್ಲಿನ ಮೇಲೆ ಉಳಿಯನ್ನು ಮಸೆಯುತ್ತಿದ್ದರು.

ಅಲ್ಲಿಂದ ಮುಂದೆ ಹಡಗಿನ ಒಡೆತನ ಕೈಬದಲಾಯಿಸಿತು. ಮೊದಲ ಜಗಳ ಮರದ್ದು. ನಿಜವಾದ ಹಡಗು ತೇಗದ್ದಾದರೆ ಇದೂ ತೇಗದ್ದೇ ಆಗಬೇಕೆಂದು ನಮ್ಮ ಹಟ. ಅವರು ನಕ್ಕರು. ತೇಗದ ಎಳೆ ಒರಟು, ಅದರ ರಂಧ್ರಗಳು ಬರಿಗಣ್ಣಿಗೆ ಕಾಣುತ್ತವೆ. ನಿಜದ ಹಡಗಿನಲ್ಲಿ ಅದು ಸೈ, ತೊಂಬತ್ತಾರನೆಯ ಪಾಲಿನಲ್ಲಿ ಒಂದೊಂದು ರಂಧ್ರವೂ ಕೈಬೆರಳು ಹೋಗುವ ತೂತಿನಂತೆ ಕಾಣುವದು. ವಿದೇಶದಲ್ಲಿ ಈ ಕೆಲಸದವರು ಪೇರಿನ ಮರವನ್ನೋ ಬಾಕ್ಸ್ ಮರವನ್ನೋ ಬಳಸುವದು ಇದಕ್ಕಾಗಿಯೇ. ನಮ್ಮವರು ರೇ ರೋಡಿನ ಮರದ ವಖಾರಿಗಳಲ್ಲಿ ಒಂದು ಮಧ್ಯಾಹ್ನವೆಲ್ಲ ಅಲೆದು, ಮೂಸಿ, ಉಗುರಿನಿಂದ ಕೆರೆದು, ಹೆದ್ದಿಯ ತುಂಡೊಂದನ್ನು ಆರಿಸಿದರು. ಅರಿಶಿನತೇಗವೆಂದೂ ಅದನ್ನು ಕರೆಯುವರು. ಹಳದಿ ಬಣ್ಣ, ಬೆಣ್ಣೆಯಂಥ ಎಳೆ. ತೇಗಕ್ಕೂ ಅದಕ್ಕೂ ಹೆಸರಿನ ನಂಟೇ ಹೊರತು ಕುಲದ ನಂಟಿಲ್ಲ. ಅಡಿಮರವನ್ನು ಮಾತ್ರ ತೇಗದಿಂದಲೇ ಮಾಡಿದರು, ಪರಳದಲ್ಲಿ ಕೆಡವುತ್ತಿದ್ದ ಚಾಳಿನ ಕಿಟಕಿಯ ಚೌಕಟ್ಟಿನಿಂದ.

ತೇಗದ ಮಾತಿನಲ್ಲಿ ಇನ್ನೊಂದು ವಾದವೂ ನಡೆಯಿತು. ಆ ಹಡಗಿಗೆ ಮಲಬಾರಿನ ತೇಗವೆಂದು ನಾವು ಓದಿ ಹೇಳಿದರೆ, ನಮ್ಮ ಕಾಳಿ ನದಿಯ ಕಡೆಯದ್ದೇ ಇರಬೇಕೆಂದು ಅವರು. ಅಲ್ಲವೆಂದು ಹೇಳಿದೆವು. ಹಡಗುಗಳಿಗೆ ತೇಗ ಬೇಕೆಂದೇ ಕಂಪನಿಯವರು ೧೮೦೬ರಲ್ಲಿ ಕ್ಯಾಪ್ಟನ್ ವಾಟ್ಸನ್ ಎಂಬವನನ್ನು ಮಲಬಾರಿನ ಕಾಡುಗಳ ಮೇಲೆ ಅಧಿಕಾರಿಯಾಗಿ ನೇಮಿಸಿದರು. ತನ್ನ ಹಿತ್ತಿಲ ಮರವನ್ನೂ ಒಡೆಯನು ಕಡಿಯಲಾಗದಂತೆ ಅವನು ಬಿಗಿ ಮಾಡಿದನು. ಜನರ ಗೋಳು ಹೆಚ್ಚಾಗಿ ೧೮೨೩ರಲ್ಲಿ ಆ ಹುದ್ದೆಯನ್ನೇ ತೆಗೆದರು. ಇದನ್ನೆಲ್ಲ ಕೇಳಿ ತೀರ್ಥರೂಪರು, “ತೇಗಕ್ಕೆ ಜಿಲ್ಲೆ ಗೊತ್ತುಂಟೇನು?” ಎಂದರು. ಬಿ.ಎ.ಯಲ್ಲಿ ಇದಕ್ಕೆ ಉತ್ತರವನ್ನು ಕಲಿಸಿರಲಿಲ್ಲ.

ವಾಡಿಯಾರವರ ಕಟ್ಟೆಯಲ್ಲಿ ಹಡಗಿನ ಅಡಿಮರಕ್ಕೆ ಬೆಳ್ಳಿಯ ಮೊಳೆಯೊಂದನ್ನು ಹೊಡೆಯುವ ಪದ್ಧತಿಯಿತ್ತು. ಹಡಗಿಗೆ ಶ್ರೇಯಸ್ಸೆಂದು ಪಾರಸಿಗಳ ನಂಬಿಕೆ. ‘ಟ್ರಿಂಕೋಮಲೀ’ಗೂ ಹೊಡೆದಿದ್ದರು. ಇದನ್ನು ಕೇಳಿದ ಕೂಡಲೆ ನಮ್ಮಾಕೆ ಎದ್ದು ಹೋಗಿ ಮುರಿದ ಕಾಲುಂಗುರವೊಂದನ್ನು ತಂದುಕೊಟ್ಟಳು. ಮಾವನವರು ಅದರಿಂದ ಜೀರಿಗೆಯಷ್ಟು ತುಂಡನ್ನು ಕತ್ತರಿಸಿ, ಅಡಿಮರಕ್ಕೆ ಬೈರಿಗೆಯಿಂದ ತೂತು ಹಾಕಿ, ಕುಂಕುಮ ಹಚ್ಚಿ ಕೂಡಿಸಿದರು. ತದಡಿಯಲ್ಲಿಯೂ ಪೂಜೆಯಿಲ್ಲದೆ ಅಡಿಮರ ಇಡುತ್ತಿರಲಿಲ್ಲವಂತೆ.

ಕೈಯ ನಡುಕ ಹೋಗಲಿಲ್ಲ. ಹೋಯಿತೆಂದು ಹೇಳಿದರೆ ಕಥೆಯಾದೀತು. ಮಣಿಕಟ್ಟನ್ನು ಮಣೆಯ ಅಂಚಿಗೆ ಒತ್ತಿಟ್ಟುಕೊಂಡು, ಉಸಿರು ಹಿಡಿದು, ಒಂದು ಗೀಟು ಕೊಯ್ಯುವರು, ನಿಲ್ಲುವರು, ಮತ್ತೆ ಒಂದು. ಸೂಕ್ಷ್ಮದ್ದು ಬಂದಾಗ ನಮ್ಮ ಕೈಗೆ ಉಳಿಯನ್ನು ಕೊಟ್ಟು ನಮ್ಮ ಕೈಯ ಮೇಲೆ ತಮ್ಮ ಕೈಯನ್ನು ಇಡುವರು. ಮೂತಿಯ ಕಡೆಗೆ ಹಲಗೆಗಳು ಸಣ್ಣಗಾಗುತ್ತ ಹೋಗಬೇಕು, ಇಲ್ಲದಿದ್ದರೆ ಒಂದರ ಮೇಲೊಂದು ಏರುತ್ತವೆ. ಅದನ್ನು ಅವರು ಅಳತೆಯಿಲ್ಲದೆ, ಹೆಬ್ಬೆರಳಿನಿಂದ ಸವರಿ ತಿಳಿಯುವರು.

ಒಂದು ದಿನ ಕಚೇರಿಯಿಂದ ಬಂದಾಗ ನಕ್ಷೆಯನ್ನೂ ಹಾರ್ಟಲ್‌ಪೂಲಿನ ಹಡಗಿನ ಚಿತ್ರವನ್ನೂ ಪಕ್ಕಪಕ್ಕಕ್ಕೆ ಹರಡಿಕೊಂಡು ಕುಳಿತಿದ್ದರು. “ಇವು ಎರಡೂ ಒಂದೇ ಹಡಗಲ್ಲ. ಹಿಂಭಾಗ ಬೇರೆ.” ಇಂಗ್ಲಿಷಿನ ಒಂದಕ್ಷರ ಬಾರದವರು! ಪುಸ್ತಕ ತೆರೆದು ನೋಡಿದರೆ ಅವರು ಹೇಳಿದ್ದೇ ಸರಿ. ೧೮೪೫ರಿಂದ ಮುಂದೆ ಅದನ್ನು ಮತ್ತೆ ಕೆಲಸಕ್ಕೆ ಸಜ್ಜುಗೊಳಿಸುವಾಗ ಫಿರಂಗಿಗಳನ್ನು ೨೬ಕ್ಕೆ ಇಳಿಸಿ, ಹಿಂಭಾಗದ ಆಕಾರವನ್ನೂ ಬದಲಿಸಿದ್ದರು. ನಾವು ಕಟ್ಟುತ್ತಿರುವದು ಮುಂಬಯಿಯಿಂದ ಹೊರಟ ಹಡಗೋ, ಹಾರ್ಟಲ್‌ಪೂಲಿನಲ್ಲಿ ನಿಂತದ್ದೋ? ಮುಂಬಯಿಯದ್ದೇ ಎಂದು ತೀರ್ಮಾನವಾಯಿತು.

ಆಮೇಲಿನ ಅದರ ಬಾಳನ್ನು ಬೇಗನೆ ಹೇಳಿ ಮುಗಿಸುವೆವು. ಅಟ್ಲಾಂಟಿಕ್ ಕಡೆಗೆ ಒಮ್ಮೆ, ಪೆಸಿಫಿಕ್ ಕಡೆಗೆ ಒಮ್ಮೆ ಕಾವಲು ತಿರುಗಿತು. ಬಳಿಕ ನಾವಿಕರ ಶಿಕ್ಷಣಕ್ಕೆ ಬಳಸಿದರು. ೧೮೯೭ರಲ್ಲಿ ಒಡೆಯುವವರಿಗೆ ಮಾರಿದರು. ಹುಡುಗರಿಗೆ ಹಡಗಿನ ವಿದ್ಯೆ ಕಲಿಸುತ್ತಿದ್ದ ವ್ಹೀಟ್ಲಿ ಕಾಬ್ ಎಂಬವನು ಅದೇ ವರುಷ ಬಿರುಗಾಳಿಯಲ್ಲಿ ತನ್ನ ‘ಫೂದ್ರಾಯಾ’ ಹಡಗನ್ನು ಕಳೆದುಕೊಂಡಿದ್ದರಿಂದ ಇದನ್ನು ಕೊಂಡು ಅದೇ ಹೆಸರನ್ನಿಟ್ಟನು. ಹುಡುಗರು ಅದರ ಮೇಲೆ ೧೯೮೬ರವರೆಗೂ ಕಲಿತರು. ೧೯೮೭ರಲ್ಲಿ ಹಾರ್ಟಲ್‌ಪೂಲಿಗೆ ತಂದರು, ೧೯೯೨ರಲ್ಲಿ ಹಳೆಯ ಹೆಸರು ಮರಳಿ ಬಂತು, ೨೦೦೧ರ ಹೊತ್ತಿಗೆ ದುರಸ್ತಿ ಮುಗಿಯಿತು. ಅದರ ಮೈಯ ಬಹುಭಾಗ ಇಂದಿಗೂ ಆ ತೇಗವೇ.

ಹಡಗಿನ ಹೊಟ್ಟೆಗೆ ತಾಮ್ರ ಹೊದಿಸುವ ಕೆಲಸ ನಮ್ಮ ಪಾಲಿಗೆ ಬಂತು. ಮರ ಕೊರೆಯುವ ಹುಳವೂ ಪಾಚಿಯೂ ಹತ್ತದಿರಲೆಂದು ಆ ಕಾಲದಲ್ಲಿ ನೀರಿನ ಕೆಳಗಿನ ಭಾಗಕ್ಕೆಲ್ಲ ತಾಮ್ರದ ತಗಡು ಬಡಿಯುತ್ತಿದ್ದರು. ತಗಡಿನ ಅಳತೆ ನಾಲ್ಕು ಅಡಿಗೆ ಹದಿನಾಲ್ಕು ಅಂಗುಲ; ನಮ್ಮಲ್ಲಿ ಅರ್ಧ ಅಂಗುಲದ ಚೂರು. ಲೋಹಾರ್ ಚಾಳಿನಲ್ಲಿ ವಿದ್ಯುತ್ ಕೆಲಸದವರ ಅಂಟುಳ್ಳ ತಾಮ್ರದ ಪಟ್ಟಿ ಸಿಕ್ಕಿತು. ಚೂರುಗಳನ್ನು ಎಣಿಸುತ್ತ ಹೋದೆವು. ೧೭೦೦ ದಾಟಿದ ಮೇಲೆ ಎಣಿಕೆ ಬಿಟ್ಟೆವು. ಟಪ್ಪಾಲಿಗೆ ಠಸ್ಸೆ ಹೊಡೆದು ಅಭ್ಯಾಸವಾದ ಕೈಗೆ ಅದು ತಕ್ಕ ಕೆಲಸ.

ಹಗ್ಗಗಳು ನಮ್ಮಾಕೆಯವು. ಕೂವೆಮರವನ್ನು ಎರಡೂ ಮಗ್ಗುಲಿಗೆ ಬಿಗಿಯುವ ಹಗ್ಗಗಳಿಗೆ ಅಡ್ಡಲಾಗಿ ಸಣ್ಣ ಹಗ್ಗಗಳನ್ನು ಕಟ್ಟಿರುತ್ತಾರೆ. ನಾವಿಕರು ಅವನ್ನು ಏಣಿಯಂತೆ ಹತ್ತುವರು. ಮುಂದಿನ ಕೂವೆಯೊಂದಕ್ಕೇ ನಾಲ್ಕು ನೂರಕ್ಕೂ ಹೆಚ್ಚು ಗಂಟು. ನಾವು ಹತ್ತು ಗಂಟಿಗೆ ಸೋತೆವು. ಆಕೆ ಒಲೆಯ ಮುಂದಿನಿಂದ ಬಂದು ನೋಡಿ, “ಇದು ಹೂ ಕಟ್ಟುವ ಸುತ್ತೇ ಅಲ್ಲವೇ? ಎರಡು ಸಲ ಸುತ್ತಿದರಾಯಿತು,” ಎಂದಳು. ಹೌದು, ಅದೇ. ದಾರವನ್ನು ಜೇನುಮೇಣದ ಮೇಲೆ ಎಳೆದು ಅದರ ನವಿರನ್ನು ಕೂರಿಸಿ, ಮಲ್ಲಿಗೆಯ ದಂಡೆ ಕಟ್ಟಿದಂತೆ ಮಧ್ಯಾಹ್ನಗಳಲ್ಲಿ ಕಟ್ಟಿ ಮುಗಿಸಿದಳು. ಡಾಂಬರು ಬಳಿದ ನಿಲುಹಗ್ಗಗಳಿಗೆ ಕಪ್ಪು ದಾರ, ಹಾಯಿಯನ್ನು ಎಳೆದಿಳಿಸುವ ಹಗ್ಗಗಳಿಗೆ ಕಂದು.

ಮಗಳಿಗೆ ಫಿರಂಗಿಗಳು. ಕಾಗದದ ಮೇಲೆ ಇದು ೩೮ ಫಿರಂಗಿಗಳ ಹಡಗು, ನಿಜಕ್ಕೆ ೪೬. ಕೆಳಗಿನ ಅಟ್ಟದಲ್ಲಿ ಹದಿನೆಂಟು ಪೌಂಡಿನ ಗುಂಡಿನವು ೨೮, ಹಿಂದಿನ ಅಟ್ಟದಲ್ಲಿ ಕ್ಯಾರನೇಡ್ ಎಂಬ ಗಿಡ್ಡ ಫಿರಂಗಿಗಳು ೧೪, ಮುಂದೆ ಒಂಬತ್ತು ಪೌಂಡಿನವು ಎರಡು, ಗಿಡ್ಡವು ಎರಡು. ಗಿಡ್ಡವನ್ನು ಬಹುಕಾಲ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಸರಕಾರಿ ಲೆಕ್ಕದ ರೀತಿ ಅಂದಿಗೂ ಹೀಗೆಯೇ. ಶಾಲೆಯಲ್ಲಿ ಇಂಗ್ಲಿಷ್, ಮೆಟ್ಟಲ ಮೇಲೆ ಮರಾಠಿ, ಮನೆಯಲ್ಲಿ ಕನ್ನಡಕ್ಕೆ ಹಿಂದಿಯ ಒಗ್ಗರಣೆ ಎಂದು ನಾವು ಮರುಗುತ್ತಿದ್ದ ಹುಡುಗಿ ಈಗ ಅಜ್ಜನ ಪಕ್ಕದಲ್ಲಿ ಕುಳಿತು ಚುಕ್ಕಾಣಿ, ಲಂಗರು, ಬಾಚಿ, ಕೀಸುಳಿ ಎನ್ನುತ್ತಾಳೆ. ಕೀಸುಳಿಗೆ ಇಂಗ್ಲಿಷಿನಲ್ಲಿ ಏನೆನ್ನುವರೆಂದು ನಮ್ಮನ್ನೇ ಕೇಳಿದಳು.

ಶ್ರಾವಣದಲ್ಲಿ ತೀರ್ಥರೂಪರು ಚೌತಿಗೆಂದು ಊರಿಗೆ ಹೋದರು. ಕಣ್ಣಿನ ಪೊರೆಯನ್ನು ಅಲ್ಲಿಯೇ ತೆಗೆಸಿಕೊಂಡು ಬರುವರು. ಹೊರಡುವ ಮುನ್ನ ಮೂರು ಕೆಳಗೂವೆಗಳನ್ನು ತಾವೇ ನಿಲ್ಲಿಸಿದರು. ಚೀಲವನ್ನು ಮಂಚದ ಕೆಳಗೆ ಬಿಟ್ಟು ಹೋಗಿದ್ದಾರೆ, ಬಾಯಿ ಬಿಗಿಯದೆ. ವಾರಕ್ಕೆ ಎರಡು ಸಲ ಫೋನು ಬರುತ್ತದೆ: ಮೇಲಿನ ಕೂವೆಗಳನ್ನು ತಾವು ಬರುವ ತನಕ ಮುಟ್ಟಬಾರದು, ಹಡಗಿಗೆ ಬಿಸಿಲು ತಾಗಬಾರದು, ಮಗುವಿನ ಕೈಗೆ ಉಳಿ ಕೊಡಬಾರದು. ಸಂಘದ ಪ್ರದರ್ಶನದಲ್ಲಿ ಇಡೋಣವೇ ಎಂದು ಕೇಳಿದ್ದಕ್ಕೆ, ಮುಗಿಯದ ಕೆಲಸವನ್ನು ಜನರಿಗೆ ತೋರಿಸುವವನು ಬಡಗಿಯಲ್ಲ ಎಂದರು. ಹಾಗಾಗಿ ಈ ಸಲ ಇಲ್ಲ. ಕೆಳಗಿನ ಮನೆಯ ತಾಯಿಯವರು ಮಾತ್ರ ಗಣಪತಿ ಕೂರಿಸುವ ದಿನ ಮೇಲೆ ಬಂದು ನೋಡಿ, ಮಖರವಲ್ಲವೆಂದು ತಿಳಿದು, ಬಹಳ ಹೊತ್ತು ಕುಳಿತು ಹೋದರು.

ಫಿರಂಗಿಗಳು ಮೂವತ್ತೊಂದು ಆಗಿವೆ. ಹದಿನೈದು ಬಾಕಿ.